ಸಾಫ್ಟ್‌ಬಾಲ್ ಆಡೋ ಮಗಳಿಗೆ ಫೇಸ್ ಮಾಸ್ಕ್ ಹಾಕಿಸಿದ್ದೀರಾ? ಅನುಭವ ಹೇಳಿ

ಪ್ರಶ್ನೆ (ನ್ಯೂಜೆರ್ಸಿಯಿಂದ ಒಬ್ಬ ತಾಯಿ): ಮಗಳಿಗೆ 11 ವರ್ಷ. ಈ ಸೀಸನ್‌ನಿಂದ 12ಯು (12 ವರ್ಷ ಮತ್ತು ಅದಕ್ಕಿಂತ ಚಿಕ್ಕವರ) ತಂಡದ ಪಿಚರ್, ಅಂದ್ರೆ ಬ್ಯಾಟರ್‌ಗೆ ಚೆಂಡು ಎಸೆಯೋಳು. ಬ್ಯಾಟಿಂಗ್ ಹೆಲ್ಮೆಟ್‌ಗೆ ಜಾಲರಿ ಇದೆ, ಆದರೆ ಪಿಚ್ ಮಾಡುವಾಗ ಮುಖಕ್ಕೆ ಏನೂ ಇಲ್ಲ. ಮಾಸ್ಕ್ ತರ್ತೀನಿ ಅಂದ್ರೆ ಕೋಚ್ "ಮಗುವಿಗೆ ಭಯ ಕಲಿಸಬೇಡಿ, ಕೈ ಚುರುಕಾಗಲಿ" ಅಂತಾರೆ. ಮಗಳು ಬೇರೆ ಯಾರೂ ಹಾಕಲ್ಲ ಅಂತ ಹಟ ಹಿಡಿದಿದ್ದಾಳೆ. ಏನು ಮಾಡ್ಲಿ?

ಉತ್ತರ (ಟೆಕ್ಸಾಸ್, ತಂದೆ): ದಯವಿಟ್ಟು ಹಾಕಿಸಿ ಮೇಡಂ. ನನ್ನ ಮಗಳು ಥರ್ಡ್ ಬೇಸ್ ಫೀಲ್ಡರ್, ಬ್ಯಾಟರ್‌ಗೆ ಹತ್ತಿರ ನಿಲ್ಲೋ ಜಾಗ. ಎರಡು ವರ್ಷದ ಹಿಂದೆ ಬ್ಯಾಟರ್ ಬಂಟ್ ಮಾಡೋ ಹಾಗೆ (ಬೀಸದೆ ಚೆಂಡನ್ನ ಮೆಲ್ಲಗೆ ತಟ್ಟೋ ಹಾಗೆ) ನಿಂತಳು, ನಮ್ಮವಳು ಮುಂದೆ ಓಡಿದಳು. ಆ ಹುಡುಗಿ ಬ್ಯಾಟ್ ಹಿಂದಕ್ಕೆಳೆದು ಬೀಸಿಬಿಟ್ಟಳು. ಗ್ಲೌವ್ ಸರಿಯಾದ ಜಾಗದಲ್ಲೇ ಇತ್ತು. ಚೆಂಡು ನೆಲದ ಉಬ್ಬಿಗೆ ತಾಗಿ ಎಗರಿ ಕೆನ್ನೆಗೆ ಬಡಿಯಿತು. ಮೂಳೆ ಬಿರುಕು. ಎರಡು ವಾರ ಗಂಜಿ, ರಾಗಿ ಅಂಬಲಿ. ಕೈ ಎಷ್ಟು ಚುರುಕಾಗಿದ್ದರೂ ಆ ಪುಟಿತಕ್ಕೆ ಏನು ಮಾಡೋಕಾಗ್ತಿತ್ತು?

ಹೆಸರಲ್ಲಷ್ಟೇ ಸಾಫ್ಟ್. 12 ಇಂಚು ಸುತ್ತಳತೆಯ ಆ ಚೆಂಡು ಸುಮಾರು 180ರಿಂದ 200 ಗ್ರಾಂ, ನಮ್ಮ ಕ್ರಿಕೆಟ್ ಚೆಂಡಿಗಿಂತ ಭಾರ. ಕ್ರಿಕೆಟ್ ಪಿಚ್ 66 ಅಡಿ. ನಿಮ್ಮ ಮಗಳು ನಿಲ್ಲೋದು 40 ಅಡಿಯಲ್ಲಿ, ಚೆಂಡು ಬಿಟ್ಟ ಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ. ಬ್ಯಾಟಿಗೆ ತಾಗಿ ಬರೋ ಚೆಂಡಿನ ವೇಗ ಗಂಟೆಗೆ 60 ಮೈಲಿ ಇದ್ರೆ, ಸೆಕೆಂಡಿಗೆ 88 ಅಡಿ. ಅರ್ಧ ಸೆಕೆಂಡೂ ಸಿಗಲ್ಲ. ಕ್ರಿಕೆಟ್‌ನಲ್ಲಿ ಬ್ಯಾಟರ್ ಪಕ್ಕದಲ್ಲೇ ಸಿಲ್ಲಿ ಪಾಯಿಂಟ್‌ನಲ್ಲಿ ಹೆಲ್ಮೆಟ್ ಹಾಕಿ ನಿಂತವರನ್ನ ಪುಕ್ಕಲರು ಅಂತೀವಾ?

ಭಯದ ಮಾತು ಬಂತಲ್ಲ, ನಮ್ಮನೇಲಿ ಆಗಿದ್ದು ತಿರುಗಾಮುರುಗಾ. ಪೆಟ್ಟು ಬಿದ್ದ ಮೇಲೆ ಪ್ರತಿ ಚೆಂಡಿಗೂ ಮುಖ ತಿರುಗಿಸ್ತಿದ್ದಳು. ಮಾಸ್ಕ್ ಹಾಕಿದ ಮೇಲೇ ಮತ್ತೆ ಚೆಂಡನ್ನ ದಿಟ್ಟಿಸಿ ನೋಡೋಕೆ ಶುರು ಮಾಡಿದ್ದು.

ಉತ್ತರ (ಕ್ಯಾಲಿಫೋರ್ನಿಯಾ, ಮಕ್ಕಳ ತಂಡಕ್ಕೆ ಕೋಚಿಂಗ್ ಮಾಡ್ತೀನಿ): ಪಿಚರ್‌ಗೆ, ಫಸ್ಟ್ ಮತ್ತು ಥರ್ಡ್ ಬೇಸ್‌ನವರಿಗೆ ಬೇಕೇ ಬೇಕು. ಔಟ್‌ಫೀಲ್ಡ್‌ನವರಿಗೆ ನಾನು ಒತ್ತಾಯಿಸಲ್ಲ. ಆದರೆ ನಿಮ್ಮ ಕೋಚ್ ಮಾತಲ್ಲಿ ಒಂದು ನಿಜ ಇದೆ: ಮಾಸ್ಕ್ ಇದೆ ಅಂತ ಗ್ಲೌವ್ ಎತ್ತೋದನ್ನೇ ಮರೆಯೋ ಮಕ್ಕಳನ್ನ ನೋಡಿದ್ದೀನಿ. ತಲೆಯ ಪಕ್ಕ, ಹಿಂಭಾಗ ತೆರೆದೇ ಇರುತ್ತೆ. ಪಿಚ್ ಮುಗಿದ ತಕ್ಷಣ ಗ್ಲೌವ್ ಎದೆಮಟ್ಟಕ್ಕೆ ಬರಬೇಕು, ಅದನ್ನ ದಿನಾ ಅಭ್ಯಾಸ ಮಾಡಿಸಿ. ಇಲ್ಲಿನ ಹೈಸ್ಕೂಲ್ ನಿಯಮದಲ್ಲಿ 2006ರಿಂದ ಬ್ಯಾಟಿಂಗ್ ಹೆಲ್ಮೆಟ್‌ಗೆ ಜಾಲರಿ ಕಡ್ಡಾಯ, ಫೀಲ್ಡರ್‌ಗೆ ಮಾತ್ರ ಇಷ್ಟ ಇದ್ದರೆ. ಬ್ಯಾಟಿನಿಂದ ಬರೋ ಚೆಂಡು ಪಿಚರ್ ಎಸೆದ ಚೆಂಡಿಗಿಂತ ವೇಗವಾಗಿರಬಹುದು, ಹಾಗಿದ್ದೂ ಈ ವ್ಯತ್ಯಾಸ ಯಾಕೆ ಅಂತ ನನಗೆ ಬೇಸರವಿದೆ.

ಪ್ರಶ್ನೆ ಕೇಳಿದ ತಾಯಿ: ಅವಳಿಗೆ ಕನ್ನಡಕ ಬೇರೆ ಇದೆ. ಕೂರುತ್ತಾ?

ಉತ್ತರ (ಇಲಿನಾಯ್, ತಾಯಿ): ನನ್ನ ಮಗಳಿಗೂ ಕನ್ನಡಕ. ಪಾರದರ್ಶಕ ಪ್ಲಾಸ್ಟಿಕ್‌ದು ಬೆವರಿಗೆ ಮಂಜುಗಟ್ಟಿತು, ಸ್ಟೀಲ್ ಕಂಬಿಯದು ಸರಿಹೋಯ್ತು. ಅಂಗಡಿಗೆ ಮಗಳನ್ನೇ ಕರೆದುಕೊಂಡು ಹೋಗಿ. ಕನ್ನಡಕ ಹಾಕಿ, ಜುಟ್ಟು ಕಟ್ಟಿ, ಮೇಲೆ ಮಾಸ್ಕ್ ಹಾಕಿಸಿ. ಕಾಲ ಹತ್ತಿರ ಬಿದ್ದ ಚೆಂಡು ಕೆಳಗಿನ ಕಂಬಿಗೆ ಮರೆಯಾಗುತ್ತಾ, ಓಡಿದಾಗ ಗದ್ದದಿಂದ ಜಾರುತ್ತಾ ನೋಡಿ. ಮ್ಯಾಚ್ ದಿನ ಹೊಸದಾಗಿ ಹಾಕಿಸಬೇಡಿ, ಒಂದು ವಾರ ಮನೆ ಹಿತ್ತಲಲ್ಲಿ ಹಾಕಿಕೊಂಡೇ ಕ್ಯಾಚ್ ಆಡಿಸಿ. ಬಣ್ಣ ಅವಳೇ ಆರಿಸಲಿ. ನಮ್ಮವಳು ನೇರಳೆ ಬಣ್ಣದ್ದು ತಗೊಂಡಳು, ಮುಂದಿನ ತಿಂಗಳು ತಂಡದ ಇನ್ನಿಬ್ಬರು ಅಂಥದ್ದೇ ತಂದರು.