‘ಕಮ್ಯೂನಿಟಿ ಸ್ಕ್ರೀನಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಆಫ್ರಿಕಾದ ಸಿನೆಮಾಗಳು ಬೇರೆ ದೇಶಗಳ ನೋಡುಗರನ್ನು ಹೇಗೆ ತಲುಪುತ್ತವೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ‘ಕಮ್ಯೂನಿಟಿ ಸ್ಕ್ರೀನಿಂಗ್’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಒಳ್ಳೆಯ ಕನ್ನಡ ಪದ ಬೇಕಾಗಿದೆ.

ಈ ಸಿನೆಮಾಗಳು ಹೊರದೇಶದ ಟಾಕೀಸುಗಳಿಗೆ ಬರುವುದು ಕಡಿಮೆ. ಹಾಗಾಗಿ ಆಸಕ್ತರೇ ಸೇರಿ ಲೈಬ್ರರಿ, ಕಾಲೇಜು, ಪಾರ್ಕು, ಹೀಗೆ ಸಿಕ್ಕ ಕಡೆ ತೋರಿಸುತ್ತಾರೆ. ಕಮ್ಯೂನಿಟಿ ಸ್ಕ್ರೀನಿಂಗ್ ಅಂದರೆ ಇದೇ. ನ್ಯೂಯಾರ್ಕಿನಲ್ಲಿ 1993ರಲ್ಲಿ ಶುರುವಾದ ಆಫ್ರಿಕನ್ ಫಿಲ್ಮ್ ಫೆಸ್ಟಿವಲ್ ಬೇಸಿಗೆಯಲ್ಲಿ ಪಾರ್ಕುಗಳಲ್ಲೂ ಸಿನೆಮಾ ಹಾಕುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ 2006ರಲ್ಲಿ ‘ಆಫ್ರಿಕಾ ಇನ್ ಮೋಷನ್’ ಅನ್ನುವ ಚಿತ್ರೋತ್ಸವ ಶುರುವಾಯಿತು. ಇಂಥ ಕಡೆ ಸಿನೆಮಾ ಮುಗಿದ ಮೇಲೂ ಜನ ಕೂತು ಮಾತಾಡುತ್ತಾರೆ. ನನಗೆ ಬೇಕಾದ ಪದದಲ್ಲಿ ಆ ಮಾತುಕತೆಯೂ ಇರಬೇಕು.

ಈ ರೂಢಿ ಆಫ್ರಿಕಾದಲ್ಲೇ ಇತ್ತು. ಸೆನೆಗಲ್‌ನ ಉಸ್ಮಾನ್ ಸೆಂಬೇನ್ ಮೊದಲು ಫ್ರೆಂಚಿನಲ್ಲಿ ಕಾದಂಬರಿ ಬರೆಯುತ್ತಿದ್ದವರು. ತಮ್ಮ ನಾಡಿನ ಹೆಚ್ಚಿನವರಿಗೆ ಅದನ್ನು ಓದಲಾಗದು ಅಂತಲೇ ಸಿನೆಮಾ ಕಡೆ ಬಂದರು. 1968ರ ‘ಮಂಡಾಬಿ’ಯನ್ನು ಜನರಾಡುವ ವೊಲೋಫ್‌ನಲ್ಲಿ ಮಾಡಿದರು. ಸಿನೆಮಾವನ್ನು ಅವರು ಕರೆಯುತ್ತಿದ್ದದ್ದು ‘ಸಂಜೆ ಶಾಲೆ’ ಅಂತ. ಹಳ್ಳಿಗಳಿಗೆ ಸಿನೆಮಾ ಒಯ್ದು, ತೋರಿಸಿ, ಅಲ್ಲಿಯವರ ಜೊತೆ ಚರ್ಚೆ ಮಾಡುತ್ತಿದ್ದರು.

‘ಸಮುದಾಯ ಪ್ರದರ್ಶನ’ ಅನ್ನಬಹುದು. ಆದರೆ ಪೇಪರಿನಲ್ಲಿ ‘ಸಮುದಾಯದ ಮುಖಂಡರು’ ಅಂದ ಕೂಡಲೇ ಯಾವುದೋ ಒಂದು ಜಾತಿ ನೆನಪಾಗುತ್ತದೆ, ಅಲ್ವಾ? ಯಾರು ಬೇಕಾದರೂ ಬರಬಹುದಾದ ಜಾಗಕ್ಕೆ ಆ ನೆರಳು ಬೇಡ. ‘ಸಾರ್ವಜನಿಕ ಪ್ರದರ್ಶನ’ ಸರ್ಕಾರಿ ನೋಟಿಸಿನ ಹಾಗೆ ಕೇಳಿಸುತ್ತದೆ. ಹೆಗ್ಗೋಡಿನ ನೀನಾಸಂನವರ ‘ಚಿತ್ರಸಮಾಜ’ ಚೆಂದದ ಪದವೇ. ಆದರೆ ಅದು ಸಂಘದ ಹೆಸರು, ಅವತ್ತಿನ ಕಾರ್ಯಕ್ರಮದ್ದಲ್ಲ. ಸಿನೆಮಾ ಸವಿಯುವುದನ್ನು ಹೇಳಿಕೊಡುವ ಶಿಬಿರಗಳಿಗೆ ಬಳಸುವ ‘ರಸಗ್ರಹಣ’ದಲ್ಲಿ ಕಲಿಸುವವರು, ಕಲಿಯುವವರು ಅನ್ನುವ ಭಾವ ಜಾಸ್ತಿ.

ನನ್ನ ಮನಸ್ಸು ‘ಸಿನೆಮಾ ಕೂಟ’ದ ಕಡೆಗಿದೆ. ಕರಾವಳಿ, ಮಲೆನಾಡಿನ ಯಕ್ಷಗಾನದಲ್ಲಿ ವೇಷ ಕಟ್ಟಿ ಕುಣಿದರೆ ‘ಆಟ’. ಕೂತು ಅರ್ಥ ಹೇಳುವ ತಾಳಮದ್ದಳೆ ‘ಕೂಟ’. ಅಲ್ಲಿ ಮಾತೇ ಮುಖ್ಯ, ಒಬ್ಬರ ವಾದಕ್ಕೆ ಇನ್ನೊಬ್ಬರ ಪ್ರತಿವಾದ. ಸಿನೆಮಾಕ್ಕೂ ‘ಮೊದಲನೇ ಆಟ, ಎರಡನೇ ಆಟ’ ಅನ್ನುವ ರೂಢಿ ನಮ್ಮಲ್ಲಿದೆ. ಹಾಗಾದರೆ ಟಾಕೀಸಿನದ್ದು ಆಟ, ನೋಡಿ ಮಾತಾಡುವಂಥದ್ದು ಕೂಟ ಅನ್ನಬಹುದಲ್ಲ! ‘ಚಿತ್ರಕೂಟ’ ಮಾಡಿದರೆ ರಾಮಾಯಣಕ್ಕೆ ಹೋಗಿಬಿಡುತ್ತೇವೆ, ಅದಕ್ಕೇ ‘ಸಿನೆಮಾ’ ಅಂತ ಇಟ್ಟುಕೊಂಡೆ.

ಒಂದೇ ಅನುಮಾನ. ಮೈಸೂರು, ಧಾರವಾಡ, ಕಲಬುರಗಿ ಕಡೆಯವರಿಗೆ ಬರೀ ‘ಕೂಟ’ ಅಂದರೆ ಏನು ಹೊಳೆಯುತ್ತದೆ? ಔತಣಕೂಟ, ಮೈತ್ರಿಕೂಟಗಳೇ ಮೊದಲು ನೆನಪಿಗೆ ಬರುತ್ತವಾ? ಊರವರು ಒಟ್ಟಿಗೆ ಕೂತು ನೋಡಿ ಮಾತಾಡುವುದಕ್ಕೆ ನಿಮ್ಮ ಕಡೆ ಬೇರೆ ಪದ ಬಳಕೆಯಲ್ಲಿದ್ದರೆ, ಅದನ್ನು ಯಾವ ಸಂದರ್ಭದಲ್ಲಿ ಆಡುತ್ತಾರೆ ಅನ್ನುವುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.