ಓಡ್ತಿರುವಾಗ ಮೀಟರ್ ಸತ್ತು ಬದುಕುತ್ತೆ, ಗ್ಯಾರೇಜಲ್ಲಿ ನಿಲ್ಸಿದ್ರೆ ಏನೂ ಇಲ್ಲ

ಗುಬ್ಬಿ_ಹುಡುಗ:
ನಮಸ್ಕಾರ ಎಲ್ರಿಗೂ. ನಮ್ದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕು, ದಿನಾ ಗುಬ್ಬಿಯಿಂದ ತುಮಕೂರಿಗೆ ಓಡಾಟ. ಒಂದೊಂದ್ಸಲ ಹೋಗ್ತಾ ಹೋಗ್ತಾನೇ ಮೀಟರ್ ಪೂರ್ತಿ ಆಫ್ ಆಗುತ್ತೆ, ಮುಳ್ಳೆಲ್ಲ ಸೊನ್ನೆಗೆ ಬೀಳುತ್ತೆ, ಇಂಜಿನ್ ಒಂದು ಜರ್ಕ್ ಕೊಡುತ್ತೆ ಆದ್ರೆ ನಿಲ್ಲಲ್ಲ, ತಕ್ಷಣ ಎಲ್ಲಾ ವಾಪಸ್. ಹಂಪ್ ಇಳಿದಾಗ ಜಾಸ್ತಿ, ಹಂಪ್ ಇಲ್ದೆನೂ ಆಗಿದೆ. ಮೊನ್ನೆ ರಾತ್ರಿ ಕ್ಯಾತ್ಸಂದ್ರದ ಹತ್ರ ಹೈವೇಲಿ ಹೆಡ್‌ಲೈಟೂ ಹೋಗಿ ಬಂತು, ಹಿಂದೆ ಲಾರಿ ಬೇರೆ, ಎದೆ ಧಸಕ್ ಅಂತು. ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದ್ರೆ ಕೋಡ್ ಏನೂ ಬರ್ಲಿಲ್ಲ, ಮೀಟರ್ ಅಸೆಂಬ್ಲಿ ಬದಲಾಯಿಸಿ ನೋಡಣ ಅಂತಾರೆ, ನೋಡಕ್ಕೆ ದುಡ್ಡು ನಂದು ತಾನೆ. ಬ್ಯಾಟರಿ ಹೊಸದು, ಸೆಲ್ಫ್ ಒಂದೇ ಏಟಿಗೆ ಹೊಡೆಯುತ್ತೆ.

ಬಟವಾಡಿ_ಬಾಯ್:
ಇಗ್ನಿಷನ್ ಸ್ವಿಚ್ ಗುರು, ಕಣ್ಮುಚ್ಕೊಂಡು ಬದಲಾಯ್ಸು. ಕೀ ಗೊಂಚಲಲ್ಲಿ ಮನೆ ಬೀಗದ ಕೈಯೆಲ್ಲ ನೇತಾಕಿದ್ರೆ ಒಳಗೆ ಕಾಂಟ್ಯಾಕ್ಟ್ ಸವೆದು ಹೀಗೇ ಆಗೋದು.

ಶಿರಾಗೇಟ್_ವೈರಿಂಗ್:
ತಡೀರಿ, ಏನೂ ಬದಲಾಯಿಸ್ಬೇಡಿ. ಹಂಗೆ ಆದಾಗ ಮ್ಯೂಸಿಕ್ ಸಿಸ್ಟಮ್ ಗಡಿಯಾರ ರೀಸೆಟ್ ಆಗುತ್ತಾ ಇಲ್ವಾ, ಅದು ಹೇಳಿ ಮೊದ್ಲು.

ಗುಬ್ಬಿ_ಹುಡುಗ:
ಹೌದಣ್ಣ ಆಗುತ್ತೆ, ಟ್ರಿಪ್ ಮೀಟರೂ ಸೊನ್ನೆ ಆಗಿರುತ್ತೆ.

ಶಿರಾಗೇಟ್_ವೈರಿಂಗ್:
ಹಾಗಾದ್ರೆ ಕೀ ಸ್ವಿಚ್ ಅಲ್ಲ. ಗಡಿಯಾರದ ನೆನಪಿಗೆ ಬ್ಯಾಟರಿಯಿಂದ ನೇರ ಸಪ್ಲೈ ಇರುತ್ತೆ, ಕೀ ತೆಗೆದ್ರೂ ಅದು ಓಡ್ತಿರುತ್ತೆ, ಸ್ವಿಚ್ ಕೈಕೊಟ್ಟಿದ್ರೆ ಮೀಟರ್ ಹೋಗ್ತಿತ್ತು ಗಡಿಯಾರ ಉಳೀತಿತ್ತು. ಸುಮಾರು ಗಾಡಿಗಳಲ್ಲಿ ಹೆಡ್‌ಲೈಟೂ ಕೀಗೆ ಸಂಬಂಧ ಇಲ್ದೇ ಉರಿಯುತ್ತೆ. ಮೀಟರು, ಗಡಿಯಾರ, ಲೈಟು ಮೂರೂ ಒಟ್ಟಿಗೆ ಹೋಗ್ಬೇಕು ಅಂದ್ರೆ ಮೂರಕ್ಕೂ ಸೇರಿದ ಜಾಗ ಹುಡುಕ್ಬೇಕು: ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸು, ಇಲ್ಲಾ ಬಾಡಿ ಅರ್ತು, ಅಂದ್ರೆ ಬ್ಯಾಟರಿ ನೆಗೆಟಿವ್‌ನ ಗಾಡಿ ಬಾಡಿಗೆ ಸೇರ್ಸೋ ವೈರು.
ನಂಗೆ ಅರ್ತಿನ ಮೇಲೇ ಅನುಮಾನ. ನೆಗೆಟಿವ್ ಇಂದ ಎರಡು ವೈರ್ ಹೋಗಿರುತ್ತೆ ನೋಡಿ, ಒಂದೇ ಕೆರೆಗೆ ಎರಡು ತೂಬು ಇದ್ದಂಗೆ, ದಪ್ಪದ್ದು ಗೇರ್‌ಬಾಕ್ಸಿಗೆ, ಸಣ್ಣದು ಬಾಡಿಗೆ. ಸೆಲ್ಫ್ ಎಳೆಯೋದು ದಪ್ಪದ್ರಲ್ಲಿ, ಅದಕ್ಕೇ ಸೆಲ್ಫ್ ಚೆನ್ನಾಗಿ ಹೊಡೀತಿದೆ, ಬ್ಯಾಟರಿ ಅಂಗಡಿಯೋನೂ ಓಕೆ ಅಂದಿರ್ತಾನೆ. ಬಾಡಿ ಅರ್ತು ಬಿಟ್ರೆ ಲೈಟು ಮೀಟರೆಲ್ಲ ಅನಾಥ. ದಾರಿ ಸಿಗ್ದೆ ಕರೆಂಟು ಕ್ಲಚ್ ಕೇಬಲ್ಲಲ್ಲಿ ನುಗ್ಗಿ ಕೇಬಲ್ ಸುಟ್ಟಿರೋ ಗಾಡಿನೂ ನೋಡಿದೀನಿ.
ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಪಿನ್ ಬ್ಯಾಟರಿ ನೆಗೆಟಿವ್ ಸೀಸದ ಮೇಲೇ ಒತ್ತಿ, ಕ್ಲ್ಯಾಂಪ್ ಮೇಲಲ್ಲ. ಕೆಂಪು ಪಿನ್ ಪೇಂಟ್ ಇಲ್ದಿರೋ ಬಾಡಿ ಕಬ್ಬಿಣಕ್ಕೆ. ಹೈಬೀಮು, ಬ್ಲೋವರ್ ಫುಲ್, ಹಿಂದಿನ ಗ್ಲಾಸ್ ಹೀಟರ್ ಎಲ್ಲಾ ಆನ್ ಮಾಡಿ. 0.1 ವೋಲ್ಟ್ ಒಳಗಿದ್ರೆ ಸರಿ, 0.3 ದಾಟಿದ್ರೆ ಅಲ್ಲೇ ತೊಂದ್ರೆ. ಹಾಗೇ ವೈರ್ ಹಿಡಿದು ಅಲ್ಲಾಡ್ಸಿ. ವೈರ್ ತುಂಡಾಗಿಲ್ಲ ಅಂತ ಮಲ್ಟಿಮೀಟರ್ ಕೂಗೋ ಕಂಟಿನ್ಯೂಟಿ ಬೀಪ್ ನಂಬ್ಬೇಡಿ, ವೈರಲ್ಲಿ ಒಂದೇ ಎಳೆ ಉಳಿದಿದ್ರೂ ಬೀಪ್ ಅನ್ನುತ್ತೆ, ಲೋಡ್ ಬಿದ್ರೆ ಅಷ್ಟೇ ಕಥೆ.

ತಿಪಟೂರು_ತೆಂಗು:
ಒಂದ್ ಮಾತು. ಇಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಿ ಟೆಸ್ಟ್ ಮಾಡೋ ಹಳೇ ಮೆಕ್ಯಾನಿಕ್ ಆಟ ಆಡ್ಬೇಡಪ್ಪ. ಆಲ್ಟರ್ನೇಟರ್ ವೋಲ್ಟೇಜ್ ಒಮ್ಮೆಗೇ ಎಗರಿ ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್ರು, ಹೋದ್ರೆ ಅದ್ರ ಮುಂದೆ ಮೀಟರ್ ರೇಟು ಏನೂ ಅಲ್ಲ. ಆಮೇಲೆ ತೋಟದ ಮನೇಲಿ ನಿಲ್ಸಿದ್ರೆ ಇಲಿ ಕಡಿದೈತಾ ಅಂತಾನೂ ನೋಡು.

ಗುಬ್ಬಿ_ಹುಡುಗ:
ಶಿರಾಗೇಟ್ ಅಣ್ಣ ಸರಿಯಾಗೇ ಹೇಳಿದ್ರಿ! ಲೋಡ್ ಹಾಕಿದ್ರೆ 0.8 ತೋರಿಸ್ತು, ವೈರ್ ಅಲ್ಲಾಡಿಸಿದ್ರೆ 3ರ ಮೇಲೆ ಹಾರಿ ಲೈಟ್ ಮಂಕಾಯ್ತು. ಬ್ಯಾಟರಿ ಟ್ರೇ ಬಿಚ್ಚಿ ನೋಡಿದ್ರೆ ಕೆಳಗೆ ಬಾಡಿ ಬೋಲ್ಟು, ಹೊರಗಿಂದ ಟೈಟಾಗೇ ಇದೆ, ಬಿಚ್ಚಿದ್ರೆ ವೈರ್ ತುದಿಯ ಲಗ್ (ಬೋಲ್ಟಿಗೆ ಹಾಕೋ ಲೋಹದ ಬಳೆ) ತುಂಬಾ ಹಸಿರು ಕಿಲುಬು, ಅದನ್ನ ವೈರಿಗೆ ಒತ್ತಿರೋ ಕ್ರಿಂಪ್ ಹತ್ರ ಎಳೆಗಳು ಅರ್ಧಕ್ಕರ್ಧ ತುಂಡು. ಹೊಸ ಲಗ್ ಒತ್ಸಿ, ಬಾಡಿ ಜಾಗ ಎಮೆರಿ ಪೇಪರಲ್ಲಿ ಉಜ್ಜಿ, ಮೇಲೆ ವ್ಯಾಸ್ಲೀನ್ ಬಳಿದೆ, ಈಗ 0.03. ಇಲಿ ಕಾಟ ಇಲ್ಲ ಸದ್ಯ. ಆದ್ರೆ ಬ್ಯಾಟರಿ ತೆಗೆದು ಹಾಕಿದ್ಮೇಲೆ ಮ್ಯೂಸಿಕ್ ಸಿಸ್ಟಮ್ ಕೋಡ್ ಕೇಳ್ತಿದೆ, ಇಷ್ಟು ದಿನ ಕೇಳಿರ್ಲಿಲ್ಲ, ಏನ್ ಮಾಡೋದು?

ಶಿರಾಗೇಟ್_ವೈರಿಂಗ್:
ಮ್ಯಾನ್ಯುಯಲ್ ಪುಸ್ತಕದ ಜೊತೆ ಸಣ್ಣ ಕಾರ್ಡ್ ಇರುತ್ತೆ ನೋಡಿ. ಸಿಗ್ಲಿಲ್ಲ ಅಂದ್ರೆ ಸೆಟ್ ಹೊರಗೆ ಎಳೆದು ಮೇಲಿರೋ ಸ್ಟಿಕ್ಕರಲ್ಲಿ ಸೀರಿಯಲ್ ನಂಬರ್ ಬರ್ಕೊಂಡು ಶೋರೂಮಲ್ಲಿ ಕೇಳಿ. ಸುಮ್ನೆ ಊಹೆ ಮೇಲೆ ಒತ್ತುತ್ತಾ ಕೂರ್ಬೇಡಿ, ಲಾಕ್ ಆಗುತ್ತೆ.