ಡೆಬಿಯನ್ ಸರ್ವರ್‌ನಲ್ಲಿ ಅಪ್‌ಡೇಟ್‌ಗಳು ತಾವಾಗಿಯೇ ಆಗಲೆಂದು ಬಿಡಬಹುದೇ?

ಪ್ರಶ್ನೆ

ನಮ್ಮ ಸಹಕಾರ ಸಂಘದ ಕಚೇರಿಯಲ್ಲಿ ಡೆಬಿಯನ್ 12 (ಲಿನಕ್ಸ್‌ನ ಒಂದು ವಿತರಣೆ) ಹಾಕಿರುವ ಒಂದು ಸರ್ವರ್ ಇದೆ. ಅದರಲ್ಲಿನ ಡೇಟಾಬೇಸ್ ಪೋಸ್ಟ್‌ಗ್ರೆಸ್ 16 ಮಾತ್ರ ಪೋಸ್ಟ್‌ಗ್ರೆಸ್ ಯೋಜನೆಯವರ ರೆಪಾಸಿಟರಿಯಿಂದ (ಪ್ಯಾಕೇಜುಗಳ ಸಂಗ್ರಹದಿಂದ) ಬಂದದ್ದು, ಉಳಿದುದೆಲ್ಲ ಡೆಬಿಯನ್‌ನದೇ. ಬಿಡುವಾದಾಗ ಲಾಗಿನ್ ಆಗಿ ‘ಆಪ್ಟ್ ಅಪ್‌ಗ್ರೇಡ್’ ಕೊಡುವುದು ಇದುವರೆಗಿನ ರೂಢಿ. ಕೆಲಸದ ಒತ್ತಡದಲ್ಲಿ ಅದು ವಾರಗಟ್ಟಲೆ ಮುಂದೆ ಹೋಗುತ್ತದೆ. ಅಪ್‌ಡೇಟ್‌ಗಳನ್ನು ತಾನಾಗಿ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಹಾಕಿಬಿಡೋಣವೆಂದರೆ, ಹಗಲು ಹೊತ್ತಿನಲ್ಲಿ ಡೇಟಾಬೇಸ್ ನಿಂತರೆ ಕೌಂಟರ್‌ನಲ್ಲಿ ಸದಸ್ಯರಿಗೆ ಉತ್ತರ ಹೇಳುವವರು ಯಾರೆಂಬ ಅಳುಕು. ಆರ್ಚ್‌ನಂಥ ರೋಲಿಂಗ್ ವಿತರಣೆಗೆ (ಹೊಸ ಆವೃತ್ತಿಗಳು ಬಂದಂತೆಲ್ಲ ಸೇರುತ್ತಾ ಹೋಗುವಂಥದ್ದಕ್ಕೆ) ಹೋದರೆ ಈ ಗೊಡವೆಯೇ ಇರುವುದಿಲ್ಲವೆಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ 1

ಭದ್ರತಾ ಅಪ್‌ಡೇಟ್‌ಗಳನ್ನು ಅನುಮಾನವಿಲ್ಲದೆ ಸ್ವಯಂಚಾಲಿತವಾಗಿಸಿ. ಡೆಬಿಯನ್ ಸ್ಟೇಬಲ್‌ನಲ್ಲಿ (ಸ್ಥಿರ ಬಿಡುಗಡೆಯಲ್ಲಿ) ದೋಷ ಕಂಡುಬಂದಾಗ ಸಾಮಾನ್ಯವಾಗಿ ಹೊಸ ಆವೃತ್ತಿಯನ್ನೇ ತಂದು ಕೂರಿಸುವುದಿಲ್ಲ. ಇರುವ ಆವೃತ್ತಿಗೆ ಆ ತಿದ್ದುಪಡಿಯನ್ನಷ್ಟೇ ಹೊಂದಿಸಿ ಕೊಡುತ್ತಾರೆ. ಆದ್ದರಿಂದ ಕಾನ್ಫಿಗರೇಶನ್ ಕೆಡುವ ಸಂಭವ ಕಡಿಮೆ.

ನಿಮ್ಮ ಅಳುಕಿಗೆ ಉತ್ತರ ‘50ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್’ ಎಂಬ ಕಡತದಲ್ಲಿದೆ. ಯಾವ ಮೂಲದಿಂದ ಬಂದ ಪ್ಯಾಕೇಜುಗಳನ್ನು ತಾನಾಗಿ ಹಾಕಬಹುದೆಂಬ ಪಟ್ಟಿ ಅದರಲ್ಲಿದ್ದು, ಹೊರಗಿನ ರೆಪಾಸಿಟರಿಗಳು ನೀವಾಗಿ ಸೇರಿಸದ ಹೊರತು ಆ ಪಟ್ಟಿಯಲ್ಲಿರುವುದಿಲ್ಲ. ಹೀಗಾಗಿ ಅದು ನಿಮ್ಮ ಪೋಸ್ಟ್‌ಗ್ರೆಸ್‌ನ ತಂಟೆಗೇ ಹೋಗುವುದಿಲ್ಲ. ಆದರೆ ಕೈಯಾರೆ ‘ಆಪ್ಟ್ ಅಪ್‌ಗ್ರೇಡ್’ ಕೊಟ್ಟರೆ ಅದೂ ಸೇರಿಕೊಂಡು ಡೇಟಾಬೇಸ್ ರೀಸ್ಟಾರ್ಟ್ ಆಗಬಹುದು. ಅಂದರೆ ನೀವು ಹೆದರುವ ತೊಂದರೆಗೆ ಈಗಿನ ನಿಮ್ಮ ರೂಢಿಯಲ್ಲೇ ಹೆಚ್ಚು ಅವಕಾಶವಿದೆ. ‘ಆಪ್ಟ್-ಮಾರ್ಕ್ ಹೋಲ್ಡ್’ ಮೂಲಕ ಆ ಪ್ಯಾಕೇಜನ್ನು ತಡೆದಿಟ್ಟುಕೊಳ್ಳಿ. ಜಾರಿಗೆ ತರುವ ಮೊದಲು ಏನನ್ನೂ ಬದಲಿಸದೆ ತೋರಿಸುವ ಡ್ರೈ-ರನ್ ಆಯ್ಕೆಯೊಂದಿಗೆ ಒಮ್ಮೆ ಓಡಿಸಿದರೆ ಏನೇನು ಬದಲಾಗಲಿದೆ ಎಂಬುದು ತಿಳಿಯುತ್ತದೆ.

ಉತ್ತರ 2

ರೋಲಿಂಗ್ ವಿಚಾರವಾಗಿ ಒಂದು ಮಾತು. 2024ರ ಮಾರ್ಚ್‌ನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಪತ್ತೆಯಾದಾಗ, ಅವು ಡೆಬಿಯನ್‌ನ ಇನ್ನೂ ಸಿದ್ಧವಾಗುತ್ತಿರುವ ಟೆಸ್ಟಿಂಗ್, ಅನ್‌ಸ್ಟೇಬಲ್‌ಗಳಿಗೂ ಆರ್ಚ್‌ಗೂ ತಲುಪಿದ್ದವು, ಸ್ಟೇಬಲ್‌ಗೆ ತಲುಪಿರಲಿಲ್ಲ. ಎಸ್‌ಎಸ್‌ಎಚ್ ಲಾಗಿನ್ (ದೂರದಿಂದ ಸರ್ವರ್‌ಗೆ ಸೇರುವುದು) ಸುಮಾರು ಅರ್ಧ ಸೆಕೆಂಡ್ ನಿಧಾನವಾದದ್ದನ್ನು ಗಮನಿಸಿ ಅದನ್ನು ಕಂಡುಹಿಡಿದ ಆಂಡ್ರೆಸ್ ಫ್ರಾಯಿಂಡ್ ಅವರು, ನೀವು ಬಳಸುತ್ತಿರುವ ಪೋಸ್ಟ್‌ಗ್ರೆಸ್‌ನ ಡೆವಲಪರ್‌ಗಳಲ್ಲೊಬ್ಬರು ಎಂಬುದು ಸ್ವಾರಸ್ಯ. ಆರ್ಚ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಕೆಲವು ಪ್ಯಾಕೇಜುಗಳನ್ನು ಮಾತ್ರ ಅಪ್‌ಡೇಟ್ ಮಾಡುವುದಕ್ಕೆ ಬೆಂಬಲವಿಲ್ಲ, ಪ್ರತಿ ಬಾರಿಯೂ ಅವರ ಪ್ರಕಟಣೆಯನ್ನು ಓದಿಕೊಂಡೇ ಮುಂದುವರಿಯಬೇಕು. ಬಿಡುವೇ ಇಲ್ಲದವರಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಉತ್ತರ 3

ಮೊದಲ ಉತ್ತರವನ್ನು ಒಪ್ಪುತ್ತೇನೆ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸವಾದಂತೆ. ಪ್ಯಾಕೇಜ್ ಡಿಸ್ಕ್‌ನಲ್ಲಿ ಬದಲಾದ ಮಾತ್ರಕ್ಕೆ ಓಡುತ್ತಿರುವ ಪ್ರೋಗ್ರಾಂ ಬದಲಾಗುವುದಿಲ್ಲ; ಸಂಪರ್ಕಗಳನ್ನು ಗೂಢಲಿಪಿಯಲ್ಲಿ ಕಾಪಾಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ ತಿದ್ದುಪಡಿ ಬಂದರೂ ಅದನ್ನು ಬಳಸುವ ಸೇವೆ ರೀಸ್ಟಾರ್ಟ್ ಆಗುವವರೆಗೆ ಮೆಮರಿಯಲ್ಲಿರುವುದು ಹಳೆಯ ಲೈಬ್ರರಿಯೇ. ಯಾವ ಸೇವೆಗಳು ಹಾಗೆ ಉಳಿದಿವೆಯೆಂದು ‘ನೀಡ್‌ರೀಸ್ಟಾರ್ಟ್’ ತೋರಿಸುತ್ತದೆ. ವ್ಯವಸ್ಥೆಯ ತಿರುಳಾದ ಕರ್ನಲ್‌ಗಂತೂ ರೀಬೂಟ್ ಮಾಡಲೇಬೇಕು. ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್‌ನಲ್ಲಿ ತಾನಾಗಿ ರೀಬೂಟ್ ಆಗುವ ಆಯ್ಕೆ ಮೊದಲಿಗೆ ಆಫ್ ಇರುತ್ತದೆ. ಅದನ್ನು ಆನ್ ಮಾಡಿ ರಾತ್ರಿ ಎರಡು ಗಂಟೆಯ ಹೊತ್ತನ್ನು ಗೊತ್ತುಪಡಿಸಬಹುದು. ಆ ಹೊತ್ತಿಗೆ ಬ್ಯಾಕಪ್ ನಡೆಯುತ್ತಿರುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ನಮ್ಮ ಬ್ಯಾಕಪ್ ಎರಡು ಗಂಟೆಗೇ ಇದೆ, ಹಾಗಾಗಿ ರೀಬೂಟನ್ನು ನಾಲ್ಕಕ್ಕೆ ಇಡುತ್ತೇನೆ. ಹೋಲ್ಡ್ ಮಾಡಿಟ್ಟ ಪೋಸ್ಟ್‌ಗ್ರೆಸ್ಸನ್ನು ಎಷ್ಟು ದಿನಕ್ಕೊಮ್ಮೆ ಅಪ್‌ಡೇಟ್ ಮಾಡಬೇಕು?

ಉತ್ತರ 1

ಅವರ ಸಣ್ಣ ಆವೃತ್ತಿಗಳು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳಲ್ಲಿ ಬರುತ್ತವೆ. ತುರ್ತಿದ್ದರೆ ನಡುವೆಯೂ ಬರುವುದುಂಟು. ಬಿಡುಗಡೆಯ ಟಿಪ್ಪಣಿ ಓದಿ, ಆ ವಾರದ ರಜೆಯ ದಿನ ಹೋಲ್ಡ್ ತೆಗೆದು ಅಪ್‌ಡೇಟ್ ಮಾಡಿ ಮತ್ತೆ ಹೋಲ್ಡ್ ಹಾಕಿ. 16ರ ಒಳಗಿನ ಬದಲಾವಣೆಯಾದ್ದರಿಂದ ದತ್ತಾಂಶವನ್ನು ಡಂಪ್ ತೆಗೆದು ಮರಳಿ ತುಂಬುವ ಅಗತ್ಯವಿಲ್ಲ, ಒಂದು ರೀಸ್ಟಾರ್ಟ್ ಸಾಕು.